ಹೆಸರೆತ್ತಬಾರದ ಕಾಲು

ಕಾಲು ಕೊಡುವುದಿಲ್ಲ ಎಂದು ಕಲೊಲೈನೆ ಹೇಳಿದ್ದು ಸೋಮವಾರ ಬೆಳಿಗ್ಗೆ, ರಾಜಧಾನಿಯಿಂದ ಬಂದಿದ್ದ ಡಾಕ್ಟರಮ್ಮ ಗ್ಲೌಸು ಕಳಚಿ ಬುಟ್ಟಿಗೆ ಹಾಕುವ ಮೊದಲೇ.

ಡಾಕ್ಟರಮ್ಮನ ಹೆಸರು ವೆಯಿಸಿನಿಯಾ. ತಿಂಗಳಿಗೊಮ್ಮೆ ಸಣ್ಣ ವಿಮಾನದಲ್ಲಿ ದ್ವೀಪಕ್ಕೆ ಬಂದು, ಒಂದು ವಾರ ಇದ್ದು, ಕೊಯ್ಯಬೇಕಾದ್ದನ್ನೆಲ್ಲ ಕೊಯ್ದು ಹೋಗುವವಳು. ಕಲೊಲೈನೆಯ ಎಡಪಾದದ ಅಡಿಯಲ್ಲಿ ಕಿರುಬೆರಳಿನ ಬುಡದಿಂದ ಶುರುವಾದ ಹುಣ್ಣು ಈಗ ಬಸಳೆ ಎಲೆಯಷ್ಟು ಅಗಲವಾಗಿತ್ತು. ಅದರ ಮೇಲೆ ಬೂದು ಬಣ್ಣದ ಲೋಳೆ ಹಾಸಿಕೊಂಡಿತ್ತು. ಎರಡು ಬೆರಳು ಕಪ್ಪಾಗಿದ್ದವು. ಸಕ್ಕರೆ ಕಾಯಿಲೆಯವರ ಇಂಥ ಕಾಲುಗಳನ್ನು ಡಾಕ್ಟರಮ್ಮ ಎಷ್ಟು ನೋಡಿದ್ದಳೋ. ಆರು ವಾರ ಮಾತ್ರೆ ಕೊಟ್ಟಾಯಿತು, ಬೆಲೆಬಾಳುವ ಮುಲಾಮು ಕೊಟ್ಟಾಯಿತು, ಎರಡೂ ಸೋತವು, ಇನ್ನು ಕಾದರೆ ವಿಷ ರಕ್ತಕ್ಕೆ ಇಳಿಯುತ್ತದೆ, ಗುರುವಾರ ಮೊಣಕಾಲಿನ ಕೆಳಗೆ ತೆಗೆಯುವುದೊಂದೇ ದಾರಿ ಎಂದು ಒಂದೇ ಉಸಿರಿಗೆ ಹೇಳಿದಳು.

"ನಮ್ಮಮ್ಮಂದೂ ಹಿಂಗೇ ತೆಗೆದ್ರಿ" ಅಂದಳು ಕಲೊಲೈನೆ. "ಕಾಲು ಮುಂದೆ ಹೋಯ್ತು, ವರ್ಷ ತುಂಬೋದ್ರೊಳಗೆ ಅವಳೂ ಅದರ ಹಿಂದೆ ಹೋದ್ಲು. ನಾನು ಹೋಗೋದಾದ್ರೆ ಇಡಿಯಾಗಿ ಹೋಗ್ತೀನಿ. ಕಂತಿನಲ್ಲಿ ಹೋಗಲ್ಲ."

ಡಾಕ್ಟರಮ್ಮ ಗುರುವಾರ ಎಂದು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದಳು.

ಹಾಸಿಗೆಯ ಕಾಲ್ದೆಸೆಯಲ್ಲಿ ಬಿಚ್ಚಿದ ಪಟ್ಟಿಯನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದು ನಿಂತಿದ್ದವಳು ಲೂಪೆ. ಕಲೊಲೈನೆಯ ತಮ್ಮನ ಮಗಳು. ವಯಸ್ಸು ಹತ್ತೊಂಬತ್ತು. ಅಪ್ಪ ಆಸ್ಟ್ರೇಲಿಯಾಕ್ಕೆ ಹಣ್ಣು ಕೀಳಲು ಹೋದಾಗಿನಿಂದ ಅತ್ತೆಯ ಮನೆಯಲ್ಲೇ ಇದ್ದಳು. ಹದಿಮೂರಕ್ಕೆ ಶಾಲೆ ಬಿಟ್ಟಿದ್ದಳು. ಈಗ ಇದೇ ಆಸ್ಪತ್ರೆಯ ಗಾಯ ಕಟ್ಟುವ ಕೋಣೆಯಲ್ಲಿ ತಟ್ಟೆ, ಇಕ್ಕಳ ತೊಳೆಯುವ ಕೆಲಸ ಮಾಡುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ನೆಲ ನೋಡುತ್ತಿದ್ದಳು; ಮಾತಾಡಿಸದಿದ್ದರೆ ಎಲ್ಲವನ್ನೂ ನೋಡುತ್ತಿದ್ದಳು. ಆರು ವಾರದಿಂದ ಮನೆಯಲ್ಲಿ ಆ ಕಾಲನ್ನು ದಿನಕ್ಕೆ ಎರಡು ಸಲ ತೊಳೆದು ಕಟ್ಟಿದ್ದು ಅವಳೇ. ಎರಡೂ ಸೋತವು ಎಂಬ ಮಾತು ತನ್ನ ಕೈಗೇ ಹೇಳಿದಂತೆ ಅವಳಿಗೆ ಕೇಳಿಸಿತು.

ಕಾಲನ್ನು ಆಸ್ಪತ್ರೆಯಲ್ಲೇ ಕಟ್ಟಬಹುದಿತ್ತು. ಆದರೆ ಅಲ್ಲಿ ಗಾಯದ ಕೆಲಸ ಬಲ್ಲವನು ಒಬ್ಬನೇ ನರ್ಸ್, ಸೆಮಿಸಿ. ಅವನು ಕಲೊಲೈನೆಯ ಚಿಕ್ಕಪ್ಪನ ಮಗ. ಅಂದರೆ ತಮ್ಮ. ಈ ದ್ವೀಪದಲ್ಲಿ ಅಕ್ಕ ತಮ್ಮಂದಿರು ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಅಕ್ಕನ ಮೈಯ ವಿಷಯ ತಮ್ಮನ ಕಿವಿಗೆ ಬೀಳಬಾರದು, ಅವನೆದುರು ಬೇರೆಯವರೂ ಅದನ್ನು ಎತ್ತಬಾರದು. ಸ್ಥಾನದಲ್ಲಿ ಅಕ್ಕ ಅವನಿಗಿಂತ ಎತ್ತರದವಳು. ಆ ಎತ್ತರಕ್ಕೆ ಅವನು ಕೊಡುವ ಗೌರವವೇ ಅದು. ಸೋಮವಾರ ಕಲೊಲೈನೆಯನ್ನು ಆಸ್ಪತ್ರೆಗೆ ಹೊತ್ತು ತಂದಾಗ ಸೆಮಿಸಿ ಹಿಂಬಾಗಿಲಿನಿಂದ ಹೊರಗೆ ಹೋಗಿ, ನೀರಿನ ತೊಟ್ಟಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಅದರಲ್ಲಿ ಯಾರಿಗೂ ಹೊಸತೇನೂ ಕಾಣಲಿಲ್ಲ.

ಆರು ವಾರದ ಹಿಂದೆ ಮುಲಾಮು ಕೊಟ್ಟದ್ದೂ ಅವನೇ. ಅಕ್ಕನಿಗೆ ಏನಾಗಿದೆ ಎಂದು ಅವನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಆಗ ಬಂದಿದ್ದ ಬೇರೆ ಡಾಕ್ಟರು ಬರೆದ ಚೀಟಿ ನೋಡಿ, ಕಪಾಟಿನಿಂದ ಟ್ಯೂಬು ತೆಗೆದು ಕಾಗದದ ಚೀಲಕ್ಕೆ ಹಾಕಿ, ಕಿಟಕಿಯ ಕಡೆ ನೋಡುತ್ತ ಲೂಪೆಯ ಕೈಗಿಟ್ಟಿದ್ದ. ಹೇಗೆ ಹಚ್ಚಬೇಕು ಎಂದು ಹೇಳುವುದಾದರೆ ಕಾಲಿನ ಮಾತು ಬರುತ್ತಿತ್ತು. ಟ್ಯೂಬಿನ ಜೊತೆ ಮಡಚಿದ ಇಂಗ್ಲಿಷ್ ಕಾಗದವೊಂದಿತ್ತು. ಲೂಪೆ ಅದನ್ನು ಬಿಡಿಸಿ ನೋಡಿ, ಸಣ್ಣ ಅಕ್ಷರಗಳ ಇರುವೆ ಸಾಲನ್ನು ಮತ್ತೆ ಮಡಚಿಟ್ಟಿದ್ದಳು.

ತೊಳೆಯುವುದು ಹೇಗೆಂದು ಅತ್ತೆಗೆ ಗೊತ್ತಿತ್ತು. ಗಾಯ ಎಂದರೆ ಅಯೋಡಿನ್. ಕಂದು ಬಣ್ಣದ ನೀರು ಉರಿಯಬೇಕು, ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ. ಅತ್ತೆಯ ಕಾಲಿಗೆ ಉರಿಯ ಅರಿವು ಹೋಗಿ ವರ್ಷವಾಗಿತ್ತು. ಆದ್ದರಿಂದ ಇನ್ನೂ ಧಾರಾಳವಾಗಿ ಹುಯ್ಯಿ ಎನ್ನುತ್ತಿದ್ದಳು. ಚರ್ಚಿನ ಹೆಂಗಸರು ನೋಡಲು ಬರುವಾಗ ಮರಗೆಣಸಿನ ಜೊತೆ ಒಂದೊಂದು ಸೀಸೆ ಅಯೋಡಿನ್ ತರುತ್ತಿದ್ದರು. ಲೂಪೆ ಹುಣ್ಣನ್ನು ಕಂದು ನೀರಿನಲ್ಲಿ ನೆನೆಸಿ, ಅದರ ಮೇಲೆ ಮುಲಾಮು ಸವರಿ, ಬಿಳಿ ಪಟ್ಟಿ ಸುತ್ತುತ್ತಿದ್ದಳು. ದಿನಕ್ಕೆ ಎರಡು ಸಲ, ಒಂದು ದಿನವೂ ತಪ್ಪಿಸದೆ.

ಮಂಗಳವಾರ ಬೆಳಿಗ್ಗೆ ಗಾಯದ ಕೋಣೆಗೆ ಫಿನೆಆಸಿ ಅಜ್ಜ ಬಂದ. ಹವಳದ ಬಂಡೆಗೆ ತಾಗಿ ಕಾಲು ಕೊಯ್ದುಕೊಂಡ ಮುದಿ ಬೆಸ್ತ. ಅವನ ಹುಣ್ಣೂ ಕಲೊಲೈನೆಯದರಷ್ಟೇ ಕೆಟ್ಟದಾಗಿ ಶುರುವಾಗಿತ್ತು, ಅವನಿಗೂ ಅದೇ ಟ್ಯೂಬು. ಸೆಮಿಸಿ ಪಟ್ಟಿ ಬಿಚ್ಚಿದ. ಒಳಗೆ ದಾಳಿಂಬೆ ಕಾಳಿನಂತೆ ಕೆಂಪು ಮಾಂಸ ಎದ್ದಿತ್ತು. ತೊಳೆತೊಟ್ಟಿಯ ಹತ್ತಿರ ನಿಂತಿದ್ದ ಲೂಪೆಗೆ ಕೈಯಲ್ಲಿದ್ದ ಇಕ್ಕಳ ಮರೆತುಹೋಯಿತು.

ಅಜ್ಜನಿಗೆ ಮುಲಾಮಿನ ಮೇಲೆ ನಂಬಿಕೆ ಇರಲಿಲ್ಲ. ಇಷ್ಟು ಸಣ್ಣ ಟ್ಯೂಬು, ಹಲ್ಲುಜ್ಜಲಿಕ್ಕೂ ಸಾಲದು ಎಂದು ಗೊಣಗಿದ. ಸೆಮಿಸಿ ನಗುತ್ತ, ನಿನ್ನ ಹೆಂಡತಿ ತೊಗಟೆಬಟ್ಟೆ ಮಾಡುವುದನ್ನು ನೋಡಿಲ್ಲವೇ ಎಂದು ಕೇಳಿದ. ತೆಳ್ಳಗೆ ಬಡಿದ ತೊಗಟೆಯ ಮೇಲೆ ಇನ್ನೊಂದು ಪದರ ಇಟ್ಟು, ನಡುವೆ ಗೆಣಸಿನ ಗೋಂದು ಸವರಿ ಉಜ್ಜುತ್ತಾಳೆ. ಒಣಗಿದ ಮೇಲೆ ಅದರೊಳಗೆ ಮಳೆಹನಿಯೂ ಇಳಿಯುವುದಿಲ್ಲ. ಬ್ಯಾಕ್ಟೀರಿಯಾಗಳೂ ಹಾಗೆಯೇ. ಒಂಟಿಯಾಗಿ ಈಜುತ್ತಿರುವಾಗ ಮಾತ್ರೆ ಅವನ್ನು ಸುಲಭವಾಗಿ ಕೊಲ್ಲುತ್ತದೆ. ಹುಣ್ಣು ಸಿಕ್ಕಿತೆಂದರೆ ಅಲ್ಲಿ ಕೂತು, ಗೋಂದು ಬಿಟ್ಟು, ಪದರದ ಮೇಲೆ ಪದರ ಹಾಸಿ ಒಳಗೆ ಅಡಗುತ್ತವೆ. ಆಮೇಲೆ ಮಾತ್ರೆ ಮೇಲುಮೇಲೆ ಜಾರಿ ಹೋಗುತ್ತದೆ. ಈ ಕೆಲಸಕ್ಕೆಲ್ಲ ಅವುಗಳ ಒಳಗೆ ಆಳುಗಳಿದ್ದಾರೆ, ಕಿಣ್ವ ಅಂತ ಅವರ ಹೆಸರು. ಒಂದು ಕಿಣ್ವ ಇಲ್ಲೇ ಕೂರು ಎಂಬ ಸುದ್ದಿ ತಯಾರಿಸುತ್ತದೆ, ಒಂದು ಗೋಂದು ನೇಯುತ್ತದೆ. ಜಾಗ ಸಾಲದಾದಾಗ ಇನ್ನೊಂದು ಆ ಸುದ್ದಿಯನ್ನೇ ನುಂಗಿಹಾಕುತ್ತದೆ. ಆಗ ತಮ್ಮದೇ ಚಾಪೆ ಕತ್ತರಿಸಿಕೊಂಡು ರಕ್ತಕ್ಕೆ ಇಳಿಯುತ್ತವೆ.

"ಈ ಟ್ಯೂಬಲ್ಲಿರೋದೂ ಒಂದು ಕಿಣ್ವಾನೇ ಅಜ್ಜ. ಆದ್ರೆ ನಮ್ಮ ಕಡೆ ಆಳು. ಸತ್ತ ಮಾಂಸದ ನಾರನ್ನ ಕತ್ತರಿಸುತ್ತೆ. ಲೋಳೆ ಹಿಡ್ಕೊಂಡು ಕೂತಿರೋ ನೆಲಾನೇ ಕಿತ್ತು ಹಾಕುತ್ತೆ. ಆಮೇಲೆ ನಾನು ಹೆರೀತೀನಿ, ಅದು ಮತ್ತೆ ನೇಯೋದ್ರೊಳಗೆ ಮಾತ್ರೆ ಒಳಗೆ ನುಗ್ಗುತ್ತೆ."

"ಅಯೋಡಿನ್ನೂ ಸ್ವಲ್ಪ ಹುಯ್ಯೋ, ಬೇಗ ಸಾಯ್ತವೆ" ಅಂದ ಅಜ್ಜ.

"ಅಯೋಡಿನ್ ಹುಯ್ದ್ರೆ ಮೊದಲು ಸಾಯೋದು ನಮ್ಮ ಆಳೇ. ಕಿಣ್ವ ಅಲ್ಲೇ ಕೆಟ್ಟು ಹೋಗುತ್ತೆ. ಅದಕ್ಕೇ ನಾನು ಬರೀ ಉಪ್ಪುನೀರಲ್ಲಿ ತೊಳೆಯೋದು."

ಇಕ್ಕಳ ತೊಟ್ಟಿಗೆ ಬಿದ್ದು ಸದ್ದಾಯಿತು. ಸೆಮಿಸಿ ತಿರುಗಿ ನೋಡಿದ. ಲೂಪೆಯ ಮುಖದಲ್ಲಿ ಅವನು ಏನು ಕಂಡನೋ, ಏನೋ ಕೇಳಲು ಬಾಯಿ ತೆರೆದ. ಆ ಪ್ರಶ್ನೆ ಯಾರ ಕಾಲಿನ ಹತ್ತಿರ ಹೋಗಿ ನಿಲ್ಲುತ್ತದೆ ಎಂದು ಹೊಳೆದಿರಬೇಕು, ಬಾಯಿ ಮುಚ್ಚಿ ಅಜ್ಜನ ಪಟ್ಟಿಯ ಕಡೆ ಬಗ್ಗಿದ. ಲೂಪೆ ಕೈ ಒರೆಸಿಕೊಳ್ಳದೆಯೇ ಹೊರಗೆ ಬಂದಳು. ಆರು ವಾರ, ದಿನಕ್ಕೆ ಎರಡು ಸಲ, ಒಂದು ದಿನವೂ ತಪ್ಪಿಸದೆ ತಾನು ಏನನ್ನು ಕೊಂದೆ ಎಂದು ಈಗ ತಿಳಿಯಿತು.

ವಾರ್ಡಿನಲ್ಲಿ ಅತ್ತೆ ಗೋಡೆಗೆ ಒರಗಿ ಕೂತು ಬೇಯಿಸಿದ ಮೀನು ತಿನ್ನುತ್ತಿದ್ದಳು. ಲೂಪೆ ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಕಲೊಲೈನೆ ಮೀನಿನ ಮುಳ್ಳು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗೆ ಇಡುತ್ತ ಕೇಳಿಸಿಕೊಂಡಳು. ದ್ವೀಪದಲ್ಲಿ ಅತ್ತೆಗೆ ಸೋದರಸೊಸೆ ತಿದ್ದಿ ಹೇಳುವುದಿಲ್ಲ. ಮದುವೆಯಲ್ಲಿ, ಸಾವಿನಲ್ಲಿ ಮೊದಲ ಮಾತು ಅಪ್ಪನ ಅಕ್ಕನದು, ಉಳಿದವರು ಕೆಳಗೆ ಕೂರುವವರು. ಕೊನೆಗೆ ಅತ್ತೆ ಕೇಳಿದ್ದು ಒಂದೇ: ಇದನ್ನು ಯಾರಿಗೆ ಹೇಳಬೇಕೆಂದಿದ್ದೀಯ? ಡಾಕ್ಟರಮ್ಮನಿಗೆ ಎಂದಳು ಲೂಪೆ. ಅವಳು ಸೆಮಿಸಿಗೆ ಹೇಳುತ್ತಾಳೆ, ಆಮೇಲೆ ನನ್ನ ಕಾಲು ಅವನ ಬಾಯಲ್ಲಿ ಹೊರಳುತ್ತದೆ, ಬೇಡ ಎಂದಳು ಅತ್ತೆ. ಕಾಲು ಕೊಡುವುದಿಲ್ಲ, ಕಾಲಿನ ಮಾತನ್ನೂ ಕೊಡುವುದಿಲ್ಲ. ಎರಡನ್ನೂ ಇಟ್ಟುಕೊಂಡೇ ಸಾಯುವೆನೆಂದು ಹಟ ಹಿಡಿದಳು.

"ಹಾಗಾದ್ರೆ ಸಾಯ್ತೀಯ ಅತ್ತೆ" ಅಂದಳು ಲೂಪೆ.

ತನ್ನ ಬಾಯಿಂದ ಹೊರಟ ಮಾತಿಗೆ ತಾನೇ ಹೆದರಿದಳು. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಲೂಪೆ ಮನೆಯಿಂದ ಅಯೋಡಿನ್ ಸೀಸೆಯನ್ನೂ ಮುಗಿಯುತ್ತ ಬಂದ ಟ್ಯೂಬನ್ನೂ ತಂದು ಡಾಕ್ಟರಮ್ಮನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಡಾಕ್ಟರಮ್ಮ ಎರಡನ್ನೂ ನೋಡಿ ಪೆನ್ನು ಕೆಳಗಿಟ್ಟಳು. ಎಷ್ಟು ದಿನ ಹೀಗೆ ಮಾಡಿದೆ, ಮಾಡಿದವರು ಯಾರು ಎಂದು ಕೇಳಿದಳು. ಆರು ವಾರ, ನಾನೇ ಎಂದಳು ಲೂಪೆ. ನೆಲ ನೋಡದೆ ಹೇಳಿದಳು.

"ಹಂಗಾದ್ರೆ ಆ ಮುಲಾಮು ಸೋತಿಲ್ಲ. ಅದಕ್ಕೆ ಕೆಲಸ ಮಾಡೋಕೇ ಬಿಟ್ಟಿಲ್ಲ ನೀವು."

"ಈಗ ಬಿಡಿ."

ಡಾಕ್ಟರಮ್ಮ ಕುರ್ಚಿಗೆ ಒರಗಿದಳು. ಎರಡು ಬೆರಳು ಹೇಗೂ ಹೋದವು, ಅದರ ಬಗ್ಗೆ ಮಾತಿಲ್ಲ ಎಂದಳು. ಉಳಿದ ಪಾದಕ್ಕೆ ಶನಿವಾರದವರೆಗೆ ಸಮಯ. ಮೊದಲು ಡ್ರಿಪ್ಪಿನಲ್ಲಿ ಔಷಧಿ ಏರಬೇಕು, ಆಮೇಲೇ ಹೆರೆಯಬೇಕು. ಚಾಪೆ ಹರಿದು ಹೊರಬಿದ್ದ ಬ್ಯಾಕ್ಟೀರಿಯಾಕ್ಕೆ ರಕ್ತದಲ್ಲಿ ಔಷಧಿ ಎದುರಾಗದಿದ್ದರೆ ಕಾಲು ಉಳಿದು ಜೀವ ಹೋಗುತ್ತದೆ. ಒಂದು ಸಲ ಮೈ ಬಿಸಿಯಾದರೂ ಆ ಗಳಿಗೆಯೇ ಕತ್ತರಿ. ಆದರೆ ದಿನಕ್ಕೆ ಎರಡು ಸಲ ಹೆರೆಯುವವರು ಯಾರು? ಅವಳಿಗೆ ಹನ್ನೊಂದು ಆಪರೇಷನ್ ಇದ್ದವು. ಬಲ್ಲವನು ಸೆಮಿಸಿ ಒಬ್ಬನೇ. ಅವನನ್ನು ಕರೆಸಿ ಕೇಳಿದಾಗ ಅವನು ತಲೆ ತಗ್ಗಿಸಿ, ಬೇಕಾದರೆ ಕೆಲಸದಿಂದ ತೆಗೆಯಿರಿ, ಆ ಕೋಣೆಗೆ ಕಾಲಿಡಲಾರೆ ಎಂದ. ಡಾಕ್ಟರಮ್ಮ ಅವನನ್ನು ಬೈಯಲಿಲ್ಲ. ಅವಳಿಗೂ ಮೂವರು ಅಣ್ಣಂದಿರಿದ್ದರು.

"ನಾನು ಹೆರೀತೀನಿ" ಅಂದಳು ಲೂಪೆ. "ಚಿಕ್ಕಪ್ಪ ಹೊರಗೆ ಕೂತು ಹೇಳ್ಲಿ."

ಆ ಸಂಜೆ ಮೊದಲ ಸಲ ಡಾಕ್ಟರಮ್ಮನೇ ಹೆರೆದು ತೋರಿಸಿದಳು. ಅಂಚು ಚೂಪಾದ ಸಣ್ಣ ಚಮಚದಂಥದ್ದು. ಅದನ್ನು ಮಲಗಿಸಿ ಹಿಡಿದು, ಎಳನೀರಿನ ಗಂಜಿ ತೆಗೆದಂತೆ ಎಳೆಯಬೇಕು. ಸತ್ತದ್ದು ಬೂದು, ಬದುಕಿದ್ದು ರಕ್ತ ಕೊಡುತ್ತದೆ. ಅತ್ತೆ ಮುಖದ ಮೇಲೆ ಬಟ್ಟೆ ಎಳೆದುಕೊಂಡು ಮಲಗಿದ್ದಳು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ, ಲೂಪೆಯ ಜೊತೆ ಮಾತಾಡಲೂ ಇಲ್ಲ.

ಬುಧವಾರದಿಂದ ಬಾಗಿಲಿಗೆ ಒಂದು ತೊಗಟೆಬಟ್ಟೆಯ ಪರದೆ ಇಳಿಬಿದ್ದಿತು. ಅದರಾಚೆ ವರಾಂಡದಲ್ಲಿ ಸ್ಟೂಲಿನ ಮೇಲೆ ಸೆಮಿಸಿ. ಆದರೂ ನೇರ ಮಾತು ಕೂಡದೆಂದು ಇಬ್ಬರ ನಡುವೆ ಬಾಗಿಲ ಹೊಸ್ತಿಲಲ್ಲಿ ಫಿನೆಆಸಿ ಅಜ್ಜನನ್ನು ಕೂರಿಸಿದರು. ಲೂಪೆ ಅಜ್ಜನಿಗೆ ಹೇಳಬೇಕು, ಅಜ್ಜ ಅದನ್ನು ಮರ್ಯಾದೆಯ ಮಾತಿಗೆ ತಿರುಗಿಸಿ ಸೆಮಿಸಿಗೆ ಮುಟ್ಟಿಸಬೇಕು. ಅಜ್ಜನಿಗೆ ಈ ಹುದ್ದೆ ಬಹಳ ಇಷ್ಟವಾಯಿತು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಬೆಳಿಗ್ಗೆಯ ಸರದಿ ಹೇಗೋ ನಡೆಯಿತು. ಸಂಜೆ ಪಟ್ಟಿ ಬಿಚ್ಚಿದಾಗ ಮೇಲಿನ ಬೂದು ಪದರ ಒಂದು ಕಡೆ ಸಡಿಲವಾಗಿ ಎದ್ದಿತ್ತು. ಮುಲಾಮು ಕೊನೆಗೂ ಕೆಲಸ ಹಿಡಿದಿತ್ತು. ಲೂಪೆ ಅದನ್ನು ಇಕ್ಕಳದಿಂದ ಎತ್ತಿದಳು. ಅದರಡಿಯಿಂದ ಹಸಿರು ಕೀವು ಉಕ್ಕಿತು.

"ಅಜ್ಜ, ಒಳಗಿಂದ ಹಸಿರು ಕೀವು ಬರ್ತಿದೆ. ಬಹಳ."

ಅಜ್ಜ ಗಂಟಲು ಸರಿಮಾಡಿಕೊಂಡ. "ಸೆಮಿಸಿ, ದೊಡ್ಡವರ ಕಡೆ ಸ್ವಲ್ಪ ತೇವ ಇದೆಯಂತಪ್ಪ."

ಎಂಥ ತೇವ ಎಂದು ಆಚೆಯಿಂದ ದನಿ ಬಂತು.

"ಎಳೇ ಚಿಗುರಿನ ಮೇಲೆ ಇಬ್ಬನಿ ಬಿದ್ದಂಗೆ ಅಂತೆ" ಅಂದ ಅಜ್ಜ, ತನ್ನ ಮಾತಿಗೆ ತಾನೇ ಮೆಚ್ಚಿ.

ತೇವ ಮಾತ್ರವಾದರೆ ಒಳ್ಳೆಯದೇ, ಇವತ್ತಿಗೆ ಹೆರೆಯುವುದು ಬೇಡ, ಹತ್ತಿ ಇಟ್ಟು ಕಟ್ಟಿಬಿಡಲಿ ಎಂದ ಸೆಮಿಸಿ. ಅಜ್ಜ ಲೂಪೆಯ ಕಡೆ ತಿರುಗಿ ಕಟ್ಟು ಕಟ್ಟು ಎಂದು ಕೈಸನ್ನೆ ಮಾಡಿದ. ಲೂಪೆ ಹತ್ತಿ ಕೈಗೆ ತೆಗೆದುಕೊಂಡಳು. ಕಟ್ಟಿದರೆ ಇನ್ನೊಂದು ಇರುಳು ಅದು ಒಳಗೆ ನೇಯುತ್ತದೆ. ಚೀಲದಲ್ಲಿ ಸುಮ್ಮನೆ ಕೊಟ್ಟ ಟ್ಯೂಬಿನ ಹಾಗೆಯೇ ಇದೂ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರೂ ಮರ್ಯಾದೆಯಿಂದ ಅತ್ತೆಯ ಕಾಲು ಕತ್ತರಿಸುತ್ತಿದ್ದರು.

ಅವಳು ಹತ್ತಿಯನ್ನು ತಟ್ಟೆಗೆ ಹಾಕಿದಳು. ಅಜ್ಜನ ತಲೆಯ ಮೇಲಿಂದ, ಪರದೆಯ ಕಡೆ ನೋಡಿ ಹೇಳಿದಳು.

"ಚಿಕ್ಕಪ್ಪ, ಇಬ್ಬನಿ ಅಲ್ಲ. ಕೀವು. ಹಸಿರು. ಅತ್ತೆ ಕಾಲಿನ ಅಡಿಯಲ್ಲಿ, ಕಿರುಬೆರಳಿಂದ ನನ್ನ ಎರಡು ಬೆರಳಗಲ ಹಿಂದೆ. ಅಲ್ಲೊಂದು ತೂತಿದೆ, ಚಮಚದ ತುದಿ ಪೂರ್ತಿ ಒಳಗೆ ಹೋಗುತ್ತೆ. ನಾರ್ತಿದೆ."

ಅಜ್ಜ ಎರಡೂ ಕಿವಿ ಮುಚ್ಚಿಕೊಂಡ. ಬಟ್ಟೆಯ ಕೆಳಗೆ ಅತ್ತೆಯ ಮೈ ಬಿಗಿಯಿತು. ಪರದೆಯಾಚೆ ಸ್ಟೂಲು ಜರುಗಿದ ಸದ್ದು, ಎರಡು ಹೆಜ್ಜೆಯ ಸದ್ದು. ಹೋದ ಎಂದುಕೊಂಡಳು ಲೂಪೆ. ಚಮಚವನ್ನು ಮತ್ತೆ ಕೈಗೆತ್ತಿಕೊಂಡಳು.

"ಎಂಥ ನಾತ?" ಸೆಮಿಸಿಯ ದನಿ ಬಹಳ ಸಣ್ಣಗಿತ್ತು. "ಸತ್ತ ಮೀನಿಂದಾ?"

"ಅಲ್ಲ. ಸಿಹಿ. ಹಣ್ಣು ಕೊಳೆತ ಹಾಗೆ."

"ಹಾಗಾದ್ರೆ ಕಟ್ಟಬೇಡ. ಅದು ಬೇರೆ ಜಾತಿ. ಡ್ರಿಪ್ಪಲ್ಲಿರೋ ಔಷಧಿ ಅದಕ್ಕೆ ಸಾಲಲ್ಲ, ನಾನು ಡಾಕ್ಟರಿಗೆ ಹೇಳಿ ಬದಲಾಯಿಸ್ತೀನಿ. ನೀನು ತೂತಿನ ಬಾಯಿ ಅಗಲ ಮಾಡು. ರಕ್ತ ಬಂದ್ರೆ ನಿಲ್ಲಿಸು. ಏನು ಕಾಣುತ್ತೋ ಎಲ್ಲಾ ಹೇಳು, ಏನೂ ಬಿಡಬೇಡ."

ಆ ಸಂಜೆಯೇ ಅಜ್ಜ ಹೊಸ್ತಿಲಿನಿಂದ ಎದ್ದು ಹೋದ. ಲೂಪೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಅಂಚು ಬಿಳಿ, ನಡು ಹಳದಿ, ಇಲ್ಲಿ ನಾರು, ಇಲ್ಲಿ ಮೂಳೆ ಕಾಣುತ್ತಿಲ್ಲ. ಅವನು ಆಚೆಯಿಂದ ಕೇಳಿದ, ಹೇಳಿದ, ಒಮ್ಮೆ ತಪ್ಪು ಕಡೆ ಹೆರೆದಾಗ ಗದರಿದ. ಉಪ್ಪುನೀರು, ಹೆರೆತ, ಮುಲಾಮು, ಪಟ್ಟಿ. ಅತ್ತೆ ಮುಖದ ಬಟ್ಟೆ ತೆಗೆಯಲಿಲ್ಲ. ಊರಿನಲ್ಲಿ ಮಾತು ಹಬ್ಬಿತು. ತಟ್ಟೆ ತೊಳೆಯುವ ಹುಡುಗಿ ತಮ್ಮನ ಕಿವಿಗೆ ಅಕ್ಕನ ಮೈ ಸುರಿದಳಂತೆ ಎಂದು ನೀರಿಗೆ ಹೋದಲ್ಲಿ ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಮುಂಚಿನ ಲೂಪೆಯಾದರೆ ಬೇರೆ ದಾರಿ ಹಿಡಿಯುತ್ತಿದ್ದಳು. ಈಗ ಅವರ ನಡುವೆಯೇ ಹೋಗಿ ಕೊಡ ತುಂಬಿಸಿಕೊಂಡು ಬಂದಳು.

ಶನಿವಾರ ಡಾಕ್ಟರಮ್ಮ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದಳು. ಬೂದು ಪೂರ್ತಿ ಹೋಗಿರಲಿಲ್ಲ. ಆದರೆ ಅದರ ನಡುವೆ ಅಲ್ಲಲ್ಲಿ ಕೆಂಪು ಕಾಳುಗಳು ಎದ್ದಿದ್ದವು, ಮೈ ಬಿಸಿಯಾಗಿರಲಿಲ್ಲ. ಆ ದಿನವೇ ಎರಡು ಕಪ್ಪು ಬೆರಳು ತೆಗೆದಳು. ಪಾದವನ್ನು ಬಿಟ್ಟಳು. ಇದು ಗೆದ್ದ ಹಾಗಲ್ಲ, ಇನ್ನೂ ಮೂರು ನಾಲ್ಕು ತಿಂಗಳು ದಿನಾ ಹೆರೆಯಬೇಕು, ಒಂದು ವಾರ ಬಿಟ್ಟರೆ ಮತ್ತೆ ಚಾಪೆ ಹಾಸುತ್ತದೆ ಎಂದು ಎಚ್ಚರಿಸಿದಳು.

ಭಾನುವಾರ ಚರ್ಚು ಮುಗಿಸಿ ಐವರು ಹಿರಿಯ ಹೆಂಗಸರು ವಾರ್ಡಿಗೆ ಬಂದರು. ಜೊತೆಗೆ ಒಂದು ಹಳೆಯ ಹರಕು ಚಾಪೆ ತಂದಿದ್ದರು. ದೊಡ್ಡ ತಪ್ಪು ಮಾಡಿದವರು ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಕೊರಳಿಗೆ ಎಲೆಯ ಸರ ಹಾಕಿಕೊಂಡು, ಆ ತಪ್ಪಿನಿಂದ ನೊಂದವರ ಅಂಗಳದಲ್ಲಿ ತಲೆ ಬಗ್ಗಿಸಿ ಕೂರಬೇಕು. ಒಳಗಿನವರು ಕ್ಷಮಿಸುವವರೆಗೆ ಏಳಬಾರದು. ಸೆಮಿಸಿಯ ಅಂಗಳದಲ್ಲಿ ಲೂಪೆ ಕೂರಬೇಕೆಂದು ಅವರು ತೀರ್ಮಾನಿಸಿದ್ದರು. ಚಾಪೆಯನ್ನು ಅವಳ ಮುಂದೆ ಇಟ್ಟರು.

ಲೂಪೆ ಅದನ್ನು ಎತ್ತಿಕೊಂಡಳು. ಹೆಂಗಸರ ಮುಖ ಸಡಿಲವಾಯಿತು. ಅವಳು ಸೊಂಟಕ್ಕೆ ಸುತ್ತಿಕೊಂಡು ಬಾಗಿಲ ಕಡೆ ಹೋಗದೆ ಅತ್ತೆಯ ಹಾಸಿಗೆಯ ಕಾಲ್ದೆಸೆಗೆ ಬಂದು ನೆಲದ ಮೇಲೆ ಕೂತಳು.

"ಆರು ವಾರ ಕೇಳದೆ, ಓದದೆ ಅಯೋಡಿನ್ ಹುಯ್ದೆ. ಅದಕ್ಕೆ ಕೂರ್ತೀನಿ ಅತ್ತೆ, ಎಷ್ಟು ಹೊತ್ತು ಬೇಕಾದ್ರೂ. ಬಾಯಿ ಬಿಟ್ಟಿದ್ದಕ್ಕೆ ಮಾತ್ರ ಯಾರ ಅಂಗಳದಲ್ಲೂ ಕೂರಲ್ಲ. ನಾಳೇನೂ ಹೇಳ್ತೀನಿ. ವಾಸಿಯಾಗೋ ತನಕ ದಿನಾ ಹೇಳ್ತೀನಿ."

ಹೆಂಗಸರಲ್ಲಿ ಹಿರಿಯಳು ಕಲೊಲೈನೆಯ ಕಡೆ ನೋಡಿದಳು. ನಿನ್ನ ಸೊಸೆಗೆ ನೀನೇ ಹೇಳು ಎಂಬಂತಿತ್ತು ಆ ನೋಟ. ಕಲೊಲೈನೆ ಮಂಗಳವಾರದ ಬಳಿಕ ಮೊದಲ ಸಲ ಮುಖದ ಮೇಲಿನ ಬಟ್ಟೆ ತೆಗೆದಳು. ಕಣ್ಣು ಊದಿಕೊಂಡಿದ್ದವು. ಹೊರಗೆ ವರಾಂಡದಲ್ಲಿ ಸೆಮಿಸಿ ಸ್ಟೂಲು ತಂದಿಡುತ್ತಿರುವ ಸದ್ದು ಕೇಳಿಸುತ್ತಿತ್ತು.

"ಇವರು ಹೊರಡ್ತಾರೆ" ಅಂದಳು ಕಲೊಲೈನೆ. "ನೀನು ಎದ್ದು ಕೈ ತೊಳ್ಕೊಂಡು ಬಾ. ಹೊತ್ತಾಯ್ತು."

ಅಷ್ಟು ಹೇಳಿ, ಹೊದಿಕೆಯ ಕೆಳಗಿನಿಂದ ತಾನಾಗಿಯೇ ಕಾಲನ್ನು ಹೊರಗೆ ಚಾಚಿದಳು.